ಪಟದ ಹೆಣ್ಣು

ಬಚ್ಚಮ್ಮನ ಕುಂಕುಮದ ಪೆಟ್ಟಿಗೆಯಲ್ಲಿ, ಕನ್ನಡಿಯ ಬೆನ್ನಿಗೆ, ಒಂದು ಇನ್ಲೆಂಡ್ ಕಾಗದ ಇಪ್ಪತ್ತೊಂದು ವರ್ಷದಿಂದ ಮಡಿಸಿಕೊಂಡು ಕೂತಿತ್ತು. ಅದರಲ್ಲಿದ್ದದ್ದು ನಾಲ್ಕೇ ಮಾತು. ಇಲ್ಲಿ ಚಳಿ ಜಾಸ್ತಿ, ಊಟ ಪರವಾಗಿಲ್ಲ, ವೈಶಾಖದಲ್ಲಿ ಹತ್ತು ದಿನ ರಜೆ ಸಿಗಬಹುದು. ಈ ಮೂರು ಅವಳ ಮಾವನಿಗೆ ಬರೆದವು. ನಾಲ್ಕನೆಯದು ಮಾತ್ರ ಅವಳದು: 'ಹುಡುಗಿಯ ಪಟ ಬಂದು ಸೇರಿತು. ನೋಡಿದೆ. ನನಗೆ ಒಪ್ಪಿಗೆ.'

ಬರೆದವನು ಮುತ್ತರಾಯಪ್ಪ. ಆಗ ಅವನು ಮಿಲಿಟರಿಯಲ್ಲಿದ್ದ, ಅಂಬಾಲಾದಲ್ಲಿ. ಅವನ ಅಪ್ಪ ಅಮ್ಮ ಕೆಲಮಂಗಲದ ಹತ್ತಿರದ ಬಚ್ಚಮ್ಮನ ಹಳ್ಳಿಗೆ ಬಂದು, ಹೆಣ್ಣನ್ನು ನಡೆಸಿ ನೋಡಿ, ಮಾತಾಡಿಸಿ ನೋಡಿ, ತಲೆಗೂದಲು ಸ್ವಂತದ್ದೋ ಎಂದು ಜಡೆ ಹಿಡಿದೂ ನೋಡಿ ಒಪ್ಪಿ ಹೋಗಿದ್ದರು. ಮಗ ಮಾತ್ರ, ನಾನು ಕಾಣದ ಹೆಣ್ಣಿಗೆ ತಾಳಿ ಕಟ್ಟುವುದಿಲ್ಲ ಎಂದು ಬರೆದಿದ್ದ. ರಜೆ ಸಿಗುವಂತಿರಲಿಲ್ಲ. ಕಡೆಗೆ ಬಚ್ಚಮ್ಮನ ಅಪ್ಪ ಆವುಲಪ್ಪ ಮಗಳ ಕತ್ತಿಗೆ ಯಾರದೋ ಚಿನ್ನದ ಅಡ್ಡಿಕೆ ಕೇಳಿ ಹಾಕಿಸಿ, ಹೊಸೂರಿಗೆ ಕರೆದುಕೊಂಡು ಬಂದು ಪೇಟೆಬೀದಿಯ ಸ್ಟುಡಿಯೋದಲ್ಲಿ ಪಟ ತೆಗೆಸಿದ. ಅಂಬಾಲಾದ ವಿಳಾಸದ ಚೀಟಿ ಅಲ್ಲೇ ಕೊಟ್ಟ. ಒಂದೇ ಪ್ರತಿ. ಸ್ಟುಡಿಯೋದವರೇ ಕವರಿಗೆ ಹಾಕಿ ಅಂಟಿಸಿ ಅಂಚೆಗೆ ಹಾಕಿದರು. ಆ ಪಟವನ್ನು ಬಚ್ಚಮ್ಮ ನೋಡಲೇ ಇಲ್ಲ. ಅಪ್ಪನೂ ನೋಡಲಿಲ್ಲ.

ಒಪ್ಪಿಗೆಯ ಕಾಗದವನ್ನು ಮಾವ ಬೀಗರಿಗೆ ತೋರಿಸಲು ಕಳಿಸಿದ್ದರು. ಅಪ್ಪ ಅದನ್ನು ಮೇಷ್ಟರ ಕೈಲಿ ಎರಡು ಸಲ ಓದಿಸಿ ಮಗಳ ಕೈಗಿಟ್ಟಿದ್ದ. ಅವಳ ಓರಗೆಯ ಹುಡುಗಿಯರನ್ನೆಲ್ಲ ಯಾರ ಯಾರೋ ಮಾತಾಡಿ, ಯಾರಿಗೋ ಕಟ್ಟಿ ಕಳಿಸಿದ್ದರು. ಗಂಡು ಎಂಬುವನು ಮುಖ ನೋಡಿ, ಯೋಚನೆ ಮಾಡಿ, ಕೈಯಾರೆ ಬರೆದು ಒಪ್ಪಿದ್ದು ಇವಳೊಬ್ಬಳನ್ನು. ಅತ್ತೆ ಬೈದ ದಿನ, ಎರಡನೆಯ ಮಗು ಉಳಿಯದೆ ಹೋದ ವರ್ಷ, ಗಂಡ ವಾರಗಟ್ಟಲೆ ಮಾತಿಲ್ಲದೆ ಉಂಡು ಎದ್ದು ಹೋಗುತ್ತಿದ್ದಾಗ, ಬಚ್ಚಮ್ಮ ಆ ಪೆಟ್ಟಿಗೆ ತೆಗೆಯುತ್ತಿದ್ದಳು. ಓದುತ್ತಿರಲಿಲ್ಲ. ಬೆರಳಲ್ಲಿ ಮುಟ್ಟಿ ಮುಚ್ಚುತ್ತಿದ್ದಳು. ಮಾತು ಕಮ್ಮಿಯಾದರೇನು, ಒಂದು ಸಲ ನೋಡಿ ಒಪ್ಪಿದವನು.

ಅತ್ತೆಯ ಮನೆಯಲ್ಲಿ ಅವಳಿಗೊಂದು ಅಡ್ಡಹೆಸರೂ ಇತ್ತು. ನಾದಿನಿ ಅಂಜಿನಮ್ಮ ಇಟ್ಟದ್ದು. ಬಚ್ಚಮ್ಮ ನೀರಿನ ಬಿಂದಿಗೆ ಹೊತ್ತು ಬಂದರೆ, "ಪಟದ ಹೆಣ್ಣು ಬಂದವ್ಳೆ, ದಾರಿ ಬಿಡ್ರಮ್ಮ" ಅನ್ನುತ್ತಿದ್ದಳು. ಹೆಂಗಸರೆಲ್ಲ ನಗುತ್ತಿದ್ದರು. ಬಚ್ಚಮ್ಮನೂ ನಕ್ಕು ಬಿಂದಿಗೆ ಇಳಿಸುತ್ತಿದ್ದಳು. ಅವಳು ನಕ್ಕರೆ ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಒಳ್ಳೆಯ ಹೆಸರು ಎಂದೇ ಅವಳು ತಿಳಿದಿದ್ದಳು.

ಈಗ ಮುತ್ತರಾಯಪ್ಪ ಮಿಲಿಟರಿ ಬಿಟ್ಟು ಹೊಸೂರಿನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗಿದ್ದ. ಮನೆ ಅವಲಪಲ್ಲಿಯಲ್ಲಿ. ಮಗಳು ಗೌರಿಗೆ ಹತ್ತೊಂಬತ್ತು. ತೊರಪಲ್ಲಿ ಅಗ್ರಹಾರದ ಕಡೆಯ ಸಂಬಂಧವೊಂದು ಬಂದಿತ್ತು. ಹುಡುಗ ರೈಲ್ವೆಯಲ್ಲಿ, ದೂರದ ಜಬಲ್ಪುರದಲ್ಲಿದ್ದ. ಸಂಬಂಧ ತಂದ ಶ್ಯಾಮಣ್ಣ, "ಒಂದು ಪಟ ಕಳ್ಸಮ್ಮ, ಹುಡುಗ ಅಲ್ಲಿಂದ್ಲೇ ನೋಡ್ಲಿ" ಎಂದಿದ್ದ.

"ಪಟ ಗಿಟ ಏನೂ ಬ್ಯಾಡ" ಎಂದ ಮುತ್ತರಾಯಪ್ಪ. "ರಜಾ ಹಾಕ್ಕಂಡು ಬರ್ಲಿ. ಬಂದು ಕಣ್ಣಾರೆ ನೋಡ್ಲಿ."

"ಅಲ್ಲಿಂದ ಎರಡು ದಿನದ ದಾರಿಯಂತೆ. ಪಟ ನೋಡಿದ್ರೆ ಏನಾಯ್ತದೆ? ನಮ್ದೂ ಪಟದಲ್ಲೇ ಅಲ್ವಾ ಆಗಿದ್ದು?"

ಅವನು ಅವಳನ್ನು ಸ್ವಲ್ಪ ಹೊತ್ತು ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದು, ಹೇಳದೆ, ಟೋಪಿ ತೆಗೆದುಕೊಂಡು ಡ್ಯೂಟಿಗೆ ಹೋದ.

ಸುಮ್ಮನಾದದ್ದನ್ನು ಬಚ್ಚಮ್ಮ ಒಪ್ಪಿಗೆ ಎಂದುಕೊಂಡಳು. ಮಗಳನ್ನು ಅದೇ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಪಟ ತೆಗೆಸಿದಳು. ಈ ಸಲ ಅಂಚೆಗೆ ನಾನೇ ಹಾಕ್ತೀನಿ, ಮೊದ್ಲು ನನಗೆ ಕೊಡಿ ಎಂದು ಹೇಳಿ ಬಂದಳು. ತನ್ನ ಪಟವನ್ನಂತೂ ನೋಡಲಿಲ್ಲ, ಮಗಳದ್ದನ್ನಾದರೂ ನೋಡಬೇಕು ಎನ್ನುವುದು ಅವಳ ಆಸೆ.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಸ್ಟುಡಿಯೋ ಮೆಟ್ಟಿಲು ಹತ್ತಿದಾಗ ಒಂದು ತೊಂದರೆ ಎದುರಾಯಿತು. ಸ್ಟುಡಿಯೋದವರು ಕೊಟ್ಟಿದ್ದ ನಂಬರ್ ಚೀಟಿ ಇರಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಟ್ಟಿದ್ದ ಚೀಟಿಯನ್ನು ಸೀರೆಯ ಜೊತೆ ಒಗೆದುಬಿಟ್ಟಿದ್ದಳು.

"ನಂಬರ್ ಹೋಯ್ತು ಅಂತಾಯ್ತು" ಎಂದ ಸ್ಟುಡಿಯೋದ ಗೋಪಾಲಪ್ಪ. ನಲವತ್ತೈದು ದಾಟಿದ, ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಪೈಕಿ ಮನುಷ್ಯ. "ಪರವಾಗಿಲ್ಲ ಅಕ್ಕ, ಹೆಸರಲ್ಲಿ ಹುಡುಕೋಣ. ಹುಡುಗಿ ಹೆಸರು?"

"ಗೌರಿ."

ಗೋಡೆಯುದ್ದಕ್ಕೂ ಮರದ ಖಾನೆಗಳು. ಒಂದೊಂದರಲ್ಲೂ ಬಟರ್ ಪೇಪರಿನ ಕವರುಗಳು ಸಾಲಾಗಿ ನಿಂತಿದ್ದವು. ಅವನು ಒಂದು ಖಾನೆ ಎಳೆದು ಬೆರಳಾಡಿಸಿದ. "ಗಂಗಮ್ಮ, ಗಿರಿಜ, ಗುಂಡಪ್ಪ, ಗೋವಿಂದಮ್ಮ. ಗೌರಿ ಇಲ್ವಲ್ಲ."

"ತೆಗೆದಿದ್ದು ನೀವೇ ಅಣ್ಣ. ಹೋದ ಸೋಮವಾರ."

"ತೆಗೆದಿದ್ದು ನಾನೇ. ಇಲ್ಲಿ ಯಾವುದೂ ಕಳೆಯಲ್ಲ ಅಕ್ಕ. ಇರೋ ಜಾಗದಲ್ಲಿ ಇರಲ್ಲ, ಅಷ್ಟೇ."

ಒಣಗಲು ಕ್ಲಿಪ್ಪು ಹಾಕಿ ನೇತುಹಾಕಿದ ಪಟಗಳನ್ನು ನೋಡಿದ. ಪೆನ್ಸಿಲ್ಲಿನಲ್ಲಿ ಮುಖ ತಿದ್ದುವ ಮೇಜಿನ ಮೇಲೆ ನೋಡಿದ. ಫ್ಯಾಕ್ಟರಿಯವರ ಗುರುತಿನ ಚೀಟಿಗೆ ತೆಗೆದ ಪಟಗಳ ಕಟ್ಟು ಬಿಚ್ಚಿ, ಮೀಸೆಯ ಮುಖಗಳನ್ನು ಇಸ್ಪೀಟಿನ ಎಲೆಯಂತೆ ಕಲಸಿ ಮತ್ತೆ ಕಟ್ಟಿದ. ಕಡೆಗೆ ಒಳಗಿನ ಬಾಗಿಲ ಕಡೆ ತಿರುಗಿ ಕೂಗಿದ. "ಸೆಲ್ವಿ, ಗೌರಿ ಅಂತ ಒಂದು ಕವರು ಎಲ್ಲಿಟ್ಟೆ?"

"ಕ-ವಿಲ ಪಾರುಂಗ" ಎಂದಿತು ಒಳಗಿನಿಂದ ಹೆಣ್ಣುದನಿ. ಅಂದರೆ, ಕ-ದಲ್ಲಿ ನೋಡಿ.

ಗೋಪಾಲಪ್ಪ ಹಣೆ ಹಣೆ ಬಡಿದುಕೊಂಡ. ಕನ್ನಡಕ ಜಾರಿ ಮೂಗಿನ ಮೇಲೆ ಬಂತು. ಕ ಎಂದಿದ್ದ ಖಾನೆ ಎಳೆದ. ಕಮಲ, ಕಾವೇರಮ್ಮಗಳ ಜೊತೆಯಲ್ಲಿ ಗೌರಿ ಸಿಕ್ಕಿದಳು.

"ನಮ್ಮ ಮನೆಯೋಳು ಧರ್ಮಪುರಿಯೋಳು" ಎಂದು ಅವನು ತಪ್ಪೊಪ್ಪಿಗೆಯಂತೆ ಹೇಳಿದ. "ತಮಿಳು ಬಿಟ್ಟು ಬೇರೆ ಬರೆಯಕ್ಕೆ ಬರಲ್ಲ. ತಮಿಳಲ್ಲಿ ಗ ಇಲ್ಲ. ಗ-ಗೂ ಕ-ಗೂ ಒಂದೇ ಅಕ್ಷರ."

ಸೆಲ್ವಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಒಂದು ಕ-ಗೆ ನೀವು ನಾಲ್ಕು ಕ ಇಟ್ಕೊಂಡ್ರೆ ನಾನೇನ್ ಮಾಡ್ಲಿ ಅಕ್ಕಾ? ನಮ್ಗೆ ಒಂದೇ ಸಾಕು."

ಬಚ್ಚಮ್ಮನಿಗೆ ನಗು ಬಂತು. ಗೌರಿಯ ಪಟವನ್ನು ಬೆಳಕಿಗೆ ಹಿಡಿದು ನೋಡಿದಳು. ಹುಡುಗಿ ಸ್ವಲ್ಪ ಹೆದರಿದಂತಿದ್ದಳು. ಆದರೆ ಅವಳೇ, ಅವಳ ದುಂಡು ಮುಖ, ಅವಳ ಅಗಲ ಮೂಗು.

"ಹಂಗಾದ್ರೆ ನನ್ನ ಪಟ ಹುಡುಕ್ಬೇಕು ಅಂದ್ರೆ ಎಲ್ಲಿ ನೋಡ್ತೀರಣ್ಣ? ನನ್ನ ಹೆಸರು ಬಚ್ಚಮ್ಮ."

"ಪ-ದಲ್ಲಿ. ಪಚ್ಚಮ್ಮನ ಪಕ್ಕದಲ್ಲಿ. ಬಚ್ಚಮ್ಮ ಅಂತ ಬರೆದ್ರೂ ಪಚ್ಚಮ್ಮ ಅಂತ ಬರೆದ್ರೂ ತಮಿಳಲ್ಲಿ ಒಂದೇ." ಅವನು ತಲೆ ಎತ್ತಿದ. "ನೀವೂ ಇಲ್ಲೇ ತೆಗೆಸಿದ್ರಾ?"

"ಅರವತ್ನಾಕರಲ್ಲಿ. ಮದುವೆಗೆ ಮುಂಚೆ. ನಮ್ಮೆಜಮಾನ್ರಿಗೆ ಅಂಬಾಲಾಕ್ಕೆ ಕಳ್ಸಿದ್ರು. ನಾನು ನೋಡೇ ಇಲ್ಲ." ಇಷ್ಟು ಹೇಳುವಾಗ ಅವಳ ಮುಖ ಬಿಸಿಯಾಯಿತು. ಆದರೂ ಕೇಳಿಬಿಟ್ಟಳು. "ಈಗ ಸಿಕ್ತದಾ ಅಣ್ಣ?"

"ಅಪ್ಪನ ಕಾಲ. ಅಪ್ಪ ಒಂದು ನೆಗೆಟಿವೂ ಎಸೆದೋರಲ್ಲ. ಎಲ್ಲಾ ತಮಿಳಲ್ಲೇ ಬರೆಯೋರು. ಸೇಲಂನಲ್ಲಿ ಕೆಲಸ ಕಲ್ತಿದ್ರು." ಗಿರಾಕಿ ಬೇರೆ ಯಾರೂ ಇರಲಿಲ್ಲ. ಅವನಿಗೂ ಹುಡುಕುವ ಹುರುಪು ಬಂದಂತಿತ್ತು. ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಮೇಲೆ ಒಣಬೇವಿನ ಎಲೆ ಹರಡಿತ್ತು. ವರ್ಷದ ಕಟ್ಟು ಬಿಚ್ಚಿ, ಪ-ಗೆ ಬಂದು, ಎರಡು ಕವರು ಒಟ್ಟಿಗೆ ಎಳೆದ. ಎರಡರ ಮೇಲೂ ಒಂದೇ ಹೆಸರು, ಒಂದೇ ತಾರೀಖು. ಒಂದರ ಹಿಂದೆ ವಿಳಾಸದ ಚೀಟಿ ಅಂಟಿಸಿತ್ತು. ಅಂಬಾಲಾ ಎಂದು ಅವನು ಓದಿದ.

"ಇದೇ ನಿಮ್ಮದು."

ನೆಗೆಟಿವನ್ನು ತೆಗೆದು ಕಿಟಕಿಗೆ ಹಿಡಿದ. ಬಚ್ಚಮ್ಮ ಹತ್ತಿರ ಬಂದಳು. ಕೂದಲು ಬೆಳ್ಳಗೆ, ಮುಖ ಕರ್ರಗೆ, ದೆವ್ವದಂಥ ಒಂದು ಹೆಂಗಸು ಕುರ್ಚಿಯ ಮೇಲೆ ಕೂತಿದ್ದಳು.

"ನೆಗೆಟಿವ್‌ನಲ್ಲಿ ಎಲ್ಲರೂ ಹಿಂಗೇ" ಎಂದ ಗೋಪಾಲಪ್ಪ. "ನನ್ನ ಮದುವೆ ನೆಗೆಟಿವ್ ನೋಡಿ ಇವಳು ಒಂದು ದಿನ ಊಟ ಬಿಟ್ಟಿದ್ಲು."

ಬಚ್ಚಮ್ಮ ನಗಲಿಲ್ಲ. "ನಾನು ಕೂತಿರ್ಲಿಲ್ಲ ಅಣ್ಣ" ಎಂದಳು.

"ಏನಕ್ಕ?"

"ನಾನು ಕುರ್ಚಿ ಮೇಲೆ ಕೂತಿರ್ಲಿಲ್ಲ. ಎದುರಿಗೆ ಅಪ್ಪ ನಿಂತಿದ್ದ. ಅಪ್ಪ ನಿಂತಿರೋವಾಗ ನಾನು ಹೆಂಗೆ ಕೂತ್ಕಳ್ಳೋದು? ನಿಮ್ಮಪ್ಪ ಕೂತ್ಕಳ್ಳಮ್ಮ ಅಂತ ಎಷ್ಟು ಹೇಳಿದ್ರೂ ಕೂರಲಿಲ್ಲ. ನಿಂತ್ಕಂಡೇ ತೆಗೆಸಿದ್ದು."

"ಬಹಳ ವರ್ಷ ಆಯ್ತು. ಮರೆತಿರ್ತೀರ."

ಅವಳು ಮರೆತಿರಲಿಲ್ಲ. ಆ ಕೋಣೆಯಲ್ಲಿ ದೀಪದ ಬಿಸಿ ಮುಖಕ್ಕೆ ಹೊಡೆದದ್ದು, ಕುರ್ಚಿಯ ಬೆನ್ನನ್ನು ತಾನು ಹಿಡಿದದ್ದು, ಅದರ ಮರದಲ್ಲಿ ಒಂದು ಮೊಳೆ ಎದ್ದು ಅಂಗೈಗೆ ಒತ್ತಿದ್ದು, ಎಲ್ಲ ಈಗಲೂ ಅಂಗೈಯಲ್ಲೇ ಇತ್ತು.

"ಇಪ್ಪತ್ತು ನಿಮಿಷ ಕೂತಿರಿ" ಎಂದು ಗೋಪಾಲಪ್ಪ ಕತ್ತಲೆಕೋಣೆಗೆ ಹೋದ. ಸೆಲ್ವಿ ಕಾಫಿ ತಂದುಕೊಟ್ಟಳು. ಬಚ್ಚಮ್ಮ ಲೋಟ ಹಿಡಿದು ಕೂತಳು. ಏನೂ ಆಗಿಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕೂರಿಸಿ ಇನ್ನೊಂದು ತೆಗೆದಿರಬಹುದು. ತನಗೆ ಮರೆತಿರಬಹುದು. ಬೀದಿಯಲ್ಲಿ ಕೆಲಮಂಗಲದ ಬಸ್ಸಿನವನು ಊರಿನ ಹೆಸರನ್ನು ಅರ್ಧ ನುಂಗಿ ಕೂಗುತ್ತಿದ್ದ. ಕಾಫಿ ಆರಿತು.

ಅವನು ತಟ್ಟೆಯಲ್ಲಿ ನೀರಿನ ಸಮೇತ ಪಟ ತಂದ. ನೀರು ನಿಂತ ಮೇಲೆ ಮುಖ ನಿಂತಿತು.

ಉದ್ದ ಕತ್ತಿನ, ಎಳೆ ಬೆಳದಿಂಗಳಂಥ ಹೆಣ್ಣು. ಕುರ್ಚಿಯ ಕೈ ಮೇಲೆ ಕೈಯಿಟ್ಟು ನೇರವಾಗಿ ನೋಡುತ್ತಿದ್ದಳು. ತುಟಿಯ ಕೊನೆಯಲ್ಲಿ ಒಂದು ನಗು. ಯಾರಿಗೂ ಹೆದರದ, ಹೆದರುವ ಅಗತ್ಯವೇ ಬಂದಿರದ ಮುಖ. ಬಚ್ಚಮ್ಮ ಎಂದೂ ಕಂಡಿರದ ಮುಖ.

"ಇದು ನಾನಲ್ಲ" ಎಂದಳು.

ಗೋಪಾಲಪ್ಪ ಎರಡನೆಯ ಕವರು ಆಗಲೇ ಬಿಚ್ಚುತ್ತಿದ್ದ. ಅದರ ಮೇಲೆ ಅವನ ಅಪ್ಪ ಮೂಲೆಯಲ್ಲಿ ಏನೋ ಬರೆದಿದ್ದರು. "ಬಂದು ತಗೊಂಡಿಲ್ಲ ಅಂತ ಬರೆದವ್ರೆ. ಅದಕ್ಕೇ ಪಟ ಇಲ್ಲೇ ಉಳಿದದೆ." ನೆಗೆಟಿವಿನ ಜೊತೆಯಲ್ಲಿ ಅಂಗೈಯಗಲದ ಪಟವೊಂದು ಜಾರಿ ಮೇಜಿನ ಮೇಲೆ ಬಿತ್ತು. ಅಂಚು ಸ್ವಲ್ಪ ಹಳದಿಯಾಗಿತ್ತು. ದುಂಡು ಮುಖದ ಒಬ್ಬ ಹುಡುಗಿ, ಮೈಗೆ ದೊಡ್ಡದಾದ ಅಡ್ಡಿಕೆ ಹಾಕಿಕೊಂಡು, ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಕಣ್ಣು ಇಷ್ಟಗಲ. ಗೌರಿಯ ಹಾಗೇ ಇದ್ದಳು.

"ಸಿಕ್ತು ನೋಡಿ" ಎಂದ ಗೋಪಾಲಪ್ಪ, ಕಳ್ಳನನ್ನು ಹಿಡಿದವನ ಸಂತೋಷದಲ್ಲಿ. "ಒಂದೇ ದಿನ ಬಂದವ್ರೆ, ಒಬ್ರು ಬಚ್ಚಮ್ಮ, ಇನ್ನೊಬ್ರು ಪಚ್ಚಮ್ಮ. ಬರೆಯೋದು ಒಂದೇ ತರ. ಅಪ್ಪ ಕವರಿಗೆ ಹಾಕೋವಾಗ ಅದಲು ಬದಲು ಮಾಡವ್ರೆ. ಅಷ್ಟೇ. ಈಗ ಸರಿ ಮಾಡ್ಬುಡ್ತೀನಿ." ಆ ನೆಗೆಟಿವನ್ನು ಈ ಕವರಿಗೂ ಈ ನೆಗೆಟಿವನ್ನು ಆ ಕವರಿಗೂ ಹಾಕಿ, ಕನ್ನಡದಲ್ಲಿ ದಪ್ಪಗೆ ಒಂದರ ಮೇಲೆ ಬ ಎಂದೂ ಇನ್ನೊಂದರ ಮೇಲೆ ಪ ಎಂದೂ ಬರೆದು, ಕೈ ಝಾಡಿಸಿದ. "ಸರಿಹೋಯ್ತು."

"ಅಂಬಾಲಾಕ್ಕೆ ಹೋಗಿದ್ದು ಯಾವುದಣ್ಣ?"

"ವಿಳಾಸ ಇರೋ ಕವರಲ್ಲಿ ಇದ್ದದ್ದು ತಾನೇ ಹೋಗಿರೋದು. ಈ ಅಮ್ಮಂದು" ಎಂದು ನೀರಿನ ತಟ್ಟೆಯ ಕಡೆ ಬೆರಳು ಮಾಡಿದ. ಆಮೇಲೆ ಅವಳ ಮುಖ ನೋಡಿದ. ಬೆರಳು ಹಾಗೇ ನಿಂತಿತು.

ಸೆಲ್ವಿ ಬಂದು ಬಚ್ಚಮ್ಮನ ಭುಜ ಹಿಡಿದು ಕೂರಿಸಿದಳು. "ತಣ್ಣೀ ಕುಡಿಯಕ್ಕಾ" ಎಂದು ನೀರಿನ ಲೋಟ ತುಟಿಗಿಟ್ಟಳು. ಕೂತದ್ದು ಒಂದು ಹಳೆಯ ಮರದ ಕುರ್ಚಿಯ ಮೇಲೆ. ಅದೇ ಕುರ್ಚಿಯೋ ಏನೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಗೋಪಾಲಪ್ಪ ಪಟಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಗೌರಿಯ ಪಟವನ್ನೂ ಬಚ್ಚಮ್ಮನ ಪಟವನ್ನೂ ಒಂದೇ ಕವರಿಗೆ ಹಾಕಿ ಕೊಟ್ಟ. ಪಚ್ಚಮ್ಮನದನ್ನು ಒಣಗಲು ನೇತುಹಾಕಿದ. ಬಾಗಿಲು ದಾಟುವಾಗ ಬಚ್ಚಮ್ಮ ಒಮ್ಮೆ ಹಿಂತಿರುಗಿ ನೋಡಿದಳು. ಇಪ್ಪತ್ತೊಂದು ವರ್ಷ ತನ್ನ ಮನೆಯಲ್ಲಿ ಇದ್ದ ಹೆಂಗಸು ಇವಳೇ. ಗುರುತೇ ಸಿಕ್ಕಿರಲಿಲ್ಲ. ಇವಳ ಕಡೆಯವರು ಯಾಕೆ ಬಂದು ಪಟ ತೆಗೆದುಕೊಳ್ಳಲಿಲ್ಲವೋ. ಇವಳ ಪಟಕ್ಕೆ ಕಾದು ಕೂತಿದ್ದವನು ಯಾವ ಊರಿನವನೋ.

ಅವಲಪಲ್ಲಿಗೆ ನಡೆದೇ ಹೊರಟಳು. ಬಿಸಿಲು ನೆತ್ತಿಗೆ ಬಂದಿತ್ತು. ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು, ತಲೆಯಲ್ಲಿ ಒಂದೊಂದೇ ಮಾತು ತಿರುಗಿ ಬಂದು ಬೇರೆ ಮುಖ ತೋರಿಸಿ ಹೋಗುತ್ತಿತ್ತು. ಪಟದ ಹೆಣ್ಣು ಬಂದವ್ಳೆ, ದಾರಿ ಬಿಡ್ರಮ್ಮ. ಅಂಜಿನಮ್ಮನ ನಗು ಈಗ ಅರ್ಥವಾಯಿತು. ಪಟ ಒಂದು, ಹೆಣ್ಣು ಒಂದು. ಅವರಿಗೆಲ್ಲ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು, ಬಾವಿಕಟ್ಟೆಯ ಹೆಂಗಸರಿಗೆ ಗೊತ್ತಿತ್ತು. ತಾನು ಮಾತ್ರ ಬಿಂದಿಗೆ ಇಳಿಸಿ ನಗುತ್ತಿದ್ದಳು. ಇನ್ನಷ್ಟು ಹೇಳಿ ಎನ್ನುವ ಹಾಗೆ ನಗುತ್ತಿದ್ದಳು.

ಮದುವೆಯ ದಿನ ತೆರೆ ಸರಿಸಿದಾಗ ಗಂಡ ನೋಡಿದ ನೋಟ ನೆನಪಾಯಿತು. ಅಕ್ಷತೆ ಬೀಳುತ್ತಿದ್ದರೂ ಅವನ ಕೈ ಮೇಲೇಳಲಿಲ್ಲ. ಪುರೋಹಿತ ಎರಡು ಸಲ ಹೇಳಬೇಕಾಯಿತು. ಪಟಕ್ಕಿಂತ ಚೆನ್ನಾಗಿದ್ದೀನೇನೋ ಎಂದು ಹದಿನೇಳರ ಹುಡುಗಿ ಅಂದುಕೊಂಡಿದ್ದಳು. ನೆನೆದರೆ ಈಗ ನಡುಬೀದಿಯಲ್ಲಿ ಕೂತುಬಿಡಬೇಕು ಎನ್ನಿಸಿತು.

ಮೂರು ಗಂಟೆಗೆ ಮುತ್ತರಾಯಪ್ಪ ಡ್ಯೂಟಿ ಮುಗಿಸಿ ಬಂದ. ಗೌರಿ ಪಕ್ಕದ ಮನೆಗೆ ಹೊಲಿಗೆ ಕಲಿಯಲು ಹೋಗಿದ್ದಳು. ಬಚ್ಚಮ್ಮ ದಿನದಂತೆ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟಳು. ಅವನು ಎರಡು ತುತ್ತು ನುಂಗುವವರೆಗೂ ಕಾದು, ಪಟವನ್ನು ತಟ್ಟೆಯ ಪಕ್ಕ ನೆಲದ ಮೇಲಿಟ್ಟಳು.

ಅವನು ಬಗ್ಗಿ ನೋಡಿದ. "ಗೌರಿದಾ? ಚೆನ್ನಾಗಿ ಬಂದದೆ. ಇದ್ಯಾಕೆ ಹಳೇದಿದ್ದಂಗೆ ಹಳದಿ ಆಗದೆ?"

"ಗೌರಿದಲ್ಲ. ನಂದು."

ಅವನ ಕೈ ಸಾರಿನಲ್ಲೇ ನಿಂತಿತು.

"ಅರವತ್ನಾಕರಲ್ಲಿ ತೆಗೆದಿದ್ದು. ನಿಮಗೆ ಬರಬೇಕಾಗಿದ್ದ ಪಟ ಇದು. ಸ್ಟುಡಿಯೋದಲ್ಲೇ ಬಿದ್ದಿತ್ತು. ಇನ್ಯಾರೋ ಪಚ್ಚಮ್ಮ ಅನ್ನೋಳ ಪಟ ನಿಮಗೆ ಬಂದದೆ. ಹೆಸರು ತಮಿಳಲ್ಲಿ ಒಂದೇ ತರ ಬರೀತಾರಂತೆ, ಕವರು ಅದಲು ಬದಲಾಗದೆ." ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಳು ಬರಲಿಲ್ಲ.

ಮುತ್ತರಾಯಪ್ಪ ತುತ್ತನ್ನು ತಟ್ಟೆಗೆ ಬಿಟ್ಟು, ಪಟವನ್ನೂ ಅವಳನ್ನೂ, ಮತ್ತೆ ಪಟವನ್ನೂ ನೋಡಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ನಾಚಿಕೆ ಇರಬೇಕು ಎಂದು ಅವಳು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದಳು. ಇದ್ದದ್ದು ಅದಲ್ಲ. ಕಾಲ ಕೆಳಗಿನ ನೆಲ ಕುಸಿದವನ ಹಾಗೆ ಕೂತಿದ್ದ.

"ಕವರು ಬದಲಾಯ್ತಾ" ಎಂದ. "ಸ್ಟುಡಿಯೋದಲ್ಲಾ?"

"ಹೂಂ. ಇನ್ನೆಲ್ಲಿ?"

"ನಿಮ್ಮಪ್ಪ ಅಲ್ವಾ?"

"ಅಪ್ಪ ಏನು?"

ಅವನು ಎಂಜಲು ಕೈಯನ್ನು ಹಾಗೇ ಮಡಿಲಿಗೆ ತಂದುಕೊಂಡ. "ನಿಮ್ಮಪ್ಪ ಬೇರೆ ಯಾರದೋ ಪಟ ಬೇಕಂತ ಕಳ್ಸಿದ ಅಂದ್ಕಂಡಿದ್ದೆ. ಚೆಂದದ ಹೆಣ್ಣು ತೋರ್ಸಿ ನಿನ್ನ ಕಟ್ಟಿದ ಅಂತ. ನಮ್ಮಪ್ಪ ಅವತ್ತೇ ಆ ಪಟ ನೋಡಿ ಪಂಚಾಯ್ತಿ ಸೇರಿಸ್ತೀನಿ ಅಂದ. ನಾನೇ ಬ್ಯಾಡ ಅಂದೆ. ತಾ‌ಳಿ ಕಟ್ಟಾಗಿತ್ತು. ನಿನ್ನ ವಾಪಸ್ ಕಳಿಸಿದ್ರೆ ನೀನು ಎಲ್ಲಿಗೆ ಹೋಗ್ತಿದ್ದೆ?"

ಬಚ್ಚಮ್ಮ ಗೋಡೆಗೆ ಕೈ ಕೊಟ್ಟಳು. ಸ್ಟುಡಿಯೋದಲ್ಲಿ ಆದದ್ದು ಏನೂ ಅಲ್ಲ ಎನ್ನಿಸುವಂತೆ ಈ ಮಾತು ಅವಳನ್ನು ಹೊಡೆಯಿತು. ಅಪ್ಪ. ಮಗಳ ಕತ್ತಿಗೆ ಅಡ್ಡಿಕೆ ಕೇಳಲು ಮೂರು ಮನೆಯ ಬಾಗಿಲಲ್ಲಿ ನಿಂತಿದ್ದ ಅಪ್ಪ. ಹಬ್ಬಕ್ಕೆ ಅಳಿಯನ ದಾರಿ ಕಾದು ಕಾದು, ಡ್ಯೂಟಿ ಇರ್ತದೆ ಕಣಮ್ಮಿ, ಮಿಲಿಟರಿಯೋರು ಹಂಗೇ, ಎಂದು ತಾನೇ ಸಮಾಧಾನ ಹೇಳುತ್ತಿದ್ದ ಅಪ್ಪ.

"ಅದಕ್ಕೇ ನೀವು ನಮ್ಮೂರಿಗೆ ಬರ್ತಿರ್ಲಿಲ್ಲ" ಎಂದಳು.

"ಹೂಂ."

"ಅಪ್ಪ ಸತ್ತಾಗ ಅಂಗಳದಲ್ಲೇ ನಿಂತಿದ್ರಿ. ಒಳಕ್ಕೆ ಬರಲಿಲ್ಲ. ಬಾಯಿಗೆ ಅಕ್ಕಿಕಾಳು ಹಾಕ್ಲಿಲ್ಲ. ಬೂಟು ಬಿಚ್ಚೋಕೆ ಹೊತ್ತಾಯ್ತದೆ ಅಂದ್ರಿ."

ಅವನು ತಲೆ ಬಗ್ಗಿಸಿದ.

"ನಾನು?" ಎಂದು ಕೇಳಿದಳು. "ನನಗೂ ಗೊತ್ತು ಅಂದ್ಕಂಡಿದ್ರಾ?"

"ಗೊತ್ತಿಲ್ದೆ ಇರ್ತದಾ ಅಂದ್ಕಂಡೆ."

"ಗೊತ್ತಿದ್ದೂ ನಾನು ಎಲ್ಲರ ಮುಂದೆ ಪಟ ನೋಡಿ ಒಪ್ಪಿದ್ರು, ಪಟ ನೋಡಿ ಒಪ್ಪಿದ್ರು ಅಂತ ಹೇಳ್ಕಂಡು ತಿರುಗ್ತಿದ್ದೆ. ನಾಚ್ಕೆಗೆಟ್ಟೋಳು ಅಂದ್ಕಂಡಿರ್ತೀರ."

"ಇಲ್ಲ." ಅವನು ಮೊದಲ ಸಲ ಅವಳ ಕಣ್ಣು ನೋಡಿ ಹೇಳಿದ. "ಗಟ್ಟಿಗಿತ್ತಿ ಅಂದ್ಕಂಡೆ. ನಮ್ಮವ್ವ, ಅಂಜಿನಿ ಅಷ್ಟು ಆಡ್ಕಂಡ್ರೂ ನಗ್ತಾ ಇದ್ದೆಯಲ್ಲ. ಇವಳ ಎದೆ ಎಂಥದಪ್ಪಾ ಅಂತ."

ಬಚ್ಚಮ್ಮ ಮೆಚ್ಚುಗೆ ಎಂದು ತಿಳಿದದ್ದು ಅಪಹಾಸ್ಯವಾಗಿತ್ತು. ಏನೂ ತಿಳಿಯದೆ ಅವಳು ನಕ್ಕದ್ದನ್ನು ಅವನು ಧೈರ್ಯವೆಂದು ಮೆಚ್ಚಿಕೊಂಡಿದ್ದ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುದ್ದೆ ತಿಂದು, ಇಬ್ಬರೂ ಇಲ್ಲದ ಇನ್ಯಾರ ಜೊತೆಗೋ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದರು. ಇದಕ್ಕೆಲ್ಲ ಕಾರಣವಾಗಿ ಒಬ್ಬ ಕಳ್ಳನಿಲ್ಲ, ಒಬ್ಬ ಮೋಸಗಾರನಿಲ್ಲ. ಒಂದು ಅಕ್ಷರ.

ಅವಳು ಕುಂಕುಮದ ಪೆಟ್ಟಿಗೆ ತಂದು ಕಾಗದ ತೆಗೆದಳು. ಮಡಿಕೆಗಳಲ್ಲಿ ಸವೆದು ಅದು ನಾಲ್ಕು ತುಂಡಾಗುವ ಹಾಗಿತ್ತು. ಅವನ ಮುಂದೆ ಹಿಡಿದಳು. "ಇದು ನನ್ನದಲ್ಲ. ಪಚ್ಚಮ್ಮಂದು. ಇಟ್ಕಳ್ಳಿ."

ಅವನು ಮುಟ್ಟಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದ. ಪಟವನ್ನು ಅಂಚು ಹಿಡಿದು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಮಿಲಿಟರಿಯವನ ಬೆನ್ನು, ಈಗಲೂ ನೆಟ್ಟಗಿತ್ತು. ಆ ಬೆನ್ನು ಸ್ವಲ್ಪ ಸ್ವಲ್ಪವಾಗಿ ಬಗ್ಗಿದ್ದನ್ನು ಅವಳು ನೋಡಿದಳು.

"ಯಾಕೆ ನಿಂತ್ಕಂಡಿದೀಯ? ಕುರ್ಚಿ ಅದೆಯಲ್ಲ."

"ಅಪ್ಪ ಎದುರಿಗೆ ನಿಂತಿದ್ದ."

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಹುಡುಗಿಯ ಕಣ್ಣುಗಳು ಎಲ್ಲಿ ನೋಡುತ್ತಿವೆ ಎಂದು ಈಗ ತಿಳಿದವನಂತೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ. "ಪಟ ಬಂದು ಸೇರ್ತು" ಎಂದ. "ನೋಡಿದೆ. ನನಗೆ…"

"ನನಗಲ್ಲ" ಎಂದು ಬಚ್ಚಮ್ಮ ತಡೆದಳು. ದನಿ ಏರಲಿಲ್ಲ. "ನನಗೆ ಹೇಳೋದು ಆಮೇಲೆ. ಮೊದ್ಲು ಹೇಳ್ಬೇಕಾಗಿರೋದು ಅಲ್ಲಿ, ಕೆಲಮಂಗಲದಲ್ಲಿ. ಅಪ್ಪನ್ನ ಮಣ್ಣು ಮಾಡಿದ ಗುಡ್ಡೆ ಹತ್ರ ಹೋಗಿ, ಪಟ ಹಿಡ್ಕಂಡು, ನೀನು ಕಳ್ಸಿದ್ದು ಇದೇ ಕಣಪ್ಪ, ನನಗೆ ಈಗ ಸಿಕ್ತು ಅಂತ ಹೇಳಿ. ಜೋರಾಗಿ ಹೇಳಿ. ನಮ್ಮಣ್ಣಂದಿರು ಕೇಳ್ಲಿ. ಅಂಜಿನಮ್ಮನ್ನೂ ಕರ್ಕಂಡು ಹೋಗಣ. ಅವಳೂ ಕೇಳ್ಲಿ."

"ಅವಳ್ಯಾಕೆ?"

"ಹೆಸರು ಇಟ್ಟೋಳು ಅವಳು."

ಗೌರಿ ಹೊಲಿಗೆ ಚೀಲ ಹಿಡಿದು ಒಳಗೆ ಬಂದಳು. ಅಪ್ಪನ ಕೈಯಲ್ಲಿದ್ದ ಪಟವನ್ನು ಬಗ್ಗಿ ನೋಡಿ, "ಇದ್ಯಾರಪ್ಪ, ನನ್ನ ತರಾನೇ ಅವ್ಳೆ" ಎಂದಳು. ಇಬ್ಬರ ಮುಖವನ್ನೂ ನೋಡಿ, ಏನೋ ಇದೆ ಎಂದು ತಿಳಿದು, ಚಪ್ಪಲಿ ಬಿಡುವ ನೆಪದಲ್ಲಿ ಅಲ್ಲೇ ನಿಂತಳು.

ಬಚ್ಚಮ್ಮ ಮಗಳ ಪಟದ ಕವರು ತೆಗೆದು ಅವಳ ಕೈಗೆ ಕೊಟ್ಟಳು. "ಇದನ್ನ ಅಂಚೆಗೆ ಹಾಕಲ್ಲ. ನಿಮ್ಮಪ್ಪ ಹೇಳ್ದಂಗೇ ಆಗ್ಲಿ. ಹುಡುಗ ಬರ್ಲಿ, ನಿನ್ನ ನೋಡ್ಲಿ. ನೀನೂ ಅವನ್ನ ನೋಡು."

"ನಾನೂನಾ?"

"ನೀನೂ."

ಮುತ್ತರಾಯಪ್ಪ ಪಟವನ್ನು ತನ್ನ ಅಂಗಿಯ ಎಡಜೇಬಿಗೆ, ಡ್ಯೂಟಿ ಪಾಸು ಇಡುವ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. ಗೂಟದಲ್ಲಿದ್ದ ಟೋಪಿ ಕಡೆ ಕೈ ಹೋಯಿತು, ಇವತ್ತು ಡ್ಯೂಟಿ ಮುಗಿದಿದೆ ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು.

"ನಾಳೆ ರಜಾ ಹೇಳ್ತೀನಿ" ಎಂದ. "ಕೆಲಮಂಗಲಕ್ಕೆ ಬೆಳಿಗ್ಗೆ ಬಸ್ಸು ಎಷ್ಟಕ್ಕೆ?"

ಆ ಊರಿನ ಬಸ್ಸು ಎಷ್ಟಕ್ಕೆ ಎಂದು ಅವನು ಇಪ್ಪತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ.

"ಏಳೂಕಾಲಿಗೆ" ಎಂದಳು ಬಚ್ಚಮ್ಮ. "ಬೂಟು ಹಾಕ್ಕಬ್ಯಾಡಿ. ಚಪ್ಪಲಿ ಹಾಕ್ಕಳ್ಳಿ. ಬಿಚ್ಚೋಕೆ ಹೊತ್ತಾಗಲ್ಲ."